ದಿವಾನ್ ಪೂರ್ಣಯ್ಯನವರೂ ಕಾವೇರಿ ತೀರದ ಹಳೆಯ ಮನೆಯೂ

ನಮ್ಮ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಯಾತ್ರಿಕರು ಸಾಮಾನ್ಯವಾಗಿ ರಂಗನಾಥಸ್ವಾಮಿಯ ದರ್ಶನವನ್ನು ಮಾಡಿ, ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ, ಸಂಗಮದಲ್ಲಿ ಮಿಂದು ಹಿಂದಿರುಗುತ್ತಾರೆ. ಅದೇ ದ್ವೀಪದಲ್ಲಿ ಕಾವೇರಿಯ ದಂಡೆಯ ಮೇಲೆ ಇನ್ನೊಂದು ಹಳೆಯ ಮನೆಯುಂಟು. ಅಲ್ಲಿಗೆ ಹೋಗಿ ನಿಲ್ಲುವವರು ವಿರಳ. ಆ ಮನೆಗೆ ಮೂರು ಹೆಸರುಗಳು. ಹ್ಯಾರಿಸ್ ಸಾಹೇಬರ ಮನೆಯೆಂಬುದು ಒಂದು. ಡಾಕ್ಟರ ಬಂಗಲೆಯೆಂಬುದು ಮತ್ತೊಂದು. ಪೂರ್ಣಯ್ಯನವರ ಬಂಗಲೆಯೆಂಬುದು ಮೂರನೆಯದು. ಒಂದು ಮನೆಗೆ ಇಷ್ಟು ಹೆಸರುಗಳು ಬರಬೇಕಾದರೆ ಅದು ಹಲವು ಕೈಗಳನ್ನು ಕಂಡಿರಬೇಕಷ್ಟೆ. ಹಾಗೆ ಕಂಡ ಕೈಗಳಲ್ಲಿ ಮೈಸೂರಿನ ಭಾಗ್ಯವನ್ನೂ ನಮ್ಮ ಗಡಿನಾಡಿನ ಭಾಗ್ಯವನ್ನೂ ಏಕಕಾಲದಲ್ಲಿ ನಿರ್ಣಯಿಸಿದ ಕೈಗಳೂ ಇದ್ದವು. ಆದಕಾರಣ ಆ ಮನೆಯ ಕಥೆಯನ್ನೂ, ಅದರಲ್ಲಿ ತಮ್ಮ ಕಡೆಯ ದಿನಗಳನ್ನು ಕಳೆದ ದಿವಾನ್ ಪೂರ್ಣಯ್ಯನವರ ಜೀವನವನ್ನೂ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೆನೆಯುವುದು ಅನುಚಿತವಾಗಲಾರದು.

ಬಾಲ್ಯ ಮತ್ತು ಉದ್ಯೋಗ

ಪೂರ್ಣಯ್ಯನವರು ಜನಿಸಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಆ ಸೀಮೆ ಆಗ ಮೈಸೂರು ರಾಜ್ಯಕ್ಕೆ ಸೇರಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಹನ್ನೊಂದನೆಯ ವಯಸ್ಸಿನಲ್ಲಿಯೇ ಬಾಲಕನು ತಂದೆಯನ್ನು ಕಳೆದುಕೊಂಡನು. ಸಂಸಾರದ ಭಾರವು ತಾಯಿಯ ಮೇಲೆ ಬಿದ್ದಿತು. ಓದಿ ಪಂಡಿತನಾಗಬೇಕಾಗಿದ್ದ ಹುಡುಗನು ಹೊಟ್ಟೆಪಾಡಿಗಾಗಿ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಲ್ಲಬೇಕಾಯಿತು. ಧಾನ್ಯವೆಷ್ಟು ಬಂದಿತು, ಎಷ್ಟು ಹೋಯಿತು, ಯಾರ ಬಾಕಿ ಎಷ್ಟು ಎಂಬುದನ್ನು ಕಡತ ತೆರೆಯದೆಯೇ ಹೇಳಬಲ್ಲ ಜ್ಞಾಪಕಶಕ್ತಿ ಆತನಿಗೆ ದೈವದತ್ತವಾಗಿ ಬಂದಿತ್ತು.

ಹೈದರ್ ಅಲಿಯ ಸೈನ್ಯಕ್ಕೆ ದಿನಸಿಯನ್ನು ಒದಗಿಸುತ್ತಿದ್ದ ವರ್ತಕರ ಲೆಕ್ಕಪತ್ರಗಳ ಮೂಲಕ ಈ ತರುಣನು ನವಾಬನ ಕಣ್ಣಿಗೆ ಬಿದ್ದನು. ಹೈದರನಿಗೆ ಓದುಬರಹ ಬಾರದು. ಆದರೆ ಮನುಷ್ಯರನ್ನು ಓದುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ನೂರಾರು ವ್ಯವಹಾರಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದ ಆ ಪ್ರಭುವಿಗೆ, ಅವನ್ನೆಲ್ಲ ನೆನಪಿನಲ್ಲಿಡುವುದರ ಜತೆಗೆ ಬರೆದೂ ಇಡಬಲ್ಲ ನೌಕರನು ದೊರೆತದ್ದು ದೊಡ್ಡ ಲಾಭವೇ ಆಯಿತು. ಮೂವತ್ತು ತುಂಬುವುದರೊಳಗಾಗಿಯೇ ಪೂರ್ಣಯ್ಯನವರು ಲೆಕ್ಕಪತ್ರಗಳ ಇಲಾಖೆಯಲ್ಲಿ ಹಿರಿಯ ಸ್ಥಾನಕ್ಕೆ ಏರಿದ್ದರು. ಕನ್ನಡ ಮತ್ತು ಸಂಸ್ಕೃತಗಳೊಂದಿಗೆ ಪಾರಸಿಯನ್ನೂ ಅವರು ಕಲಿತಿದ್ದರು. ಅರಸನ ಮಾತೊಂದು, ಪ್ರಜೆಯ ಮಾತು ಇನ್ನೊಂದು ಆಗಿದ್ದ ಆ ಕಾಲದಲ್ಲಿ ಇವೆರಡರ ನಡುವೆ ನಿಂತು ಕೆಲಸ ಮಾಡುವವನಿಗೆ ಹಲವು ಭಾಷೆಗಳು ಅನಿವಾರ್ಯವಾಗಿದ್ದವು. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡಿ ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಅವಧಿಯಲ್ಲಿಯೇ ನಮ್ಮ ಸೀಮೆಯೂ ಅದೇ ಆಳ್ವಿಕೆಯಲ್ಲಿತ್ತು. ಗುತ್ತಿಯ ಮುರಾರಿರಾವ್ ಘೋರ್ಪಡೆ ತನ್ನ ತಂದೆ ಹಿಂದೂರಾಯನ ಹೆಸರಿನಲ್ಲಿ ಹಿಂದೂಪುರವನ್ನು ನೆಲೆಗೊಳಿಸಿದನೆಂಬುದು ನಮ್ಮೂರಿನವರೆಲ್ಲ ಕೇಳಿರುವ ವಿಷಯ. ಆತನ ಗುತ್ತಿಯ ಕೋಟೆ 1776ರಲ್ಲಿ ದೀರ್ಘಕಾಲದ ಮುತ್ತಿಗೆಯ ಅನಂತರ ಹೈದರನ ವಶವಾಯಿತು. ಮುರಾರಿರಾಯನು ಕಬ್ಬಾಳದುರ್ಗದ ಸೆರೆಯಲ್ಲಿ ತೀರಿಕೊಂಡನು. ಅಂದಿನಿಂದ ಪೆನ್ನೆಯ ದಡದ ಈ ಹಳ್ಳಿಗಳೂ ಕಾವೇರಿಯ ದಡದ ಹಳ್ಳಿಗಳೂ ಒಂದೇ ಖಜಾನೆಗೆ ಕಂದಾಯವನ್ನು ತೆರತೊಡಗಿದವು. ಪೂರ್ಣಯ್ಯನವರು ದುಡಿಯುತ್ತಿದ್ದುದು ಆ ಖಜಾನೆಯಲ್ಲಿಯೇ.

ಹೈದರನ ಮರಣದ ಗುಟ್ಟು

ಪೂರ್ಣಯ್ಯನವರ ಧೈರ್ಯವನ್ನೂ ಸ್ವಾಮಿನಿಷ್ಠೆಯನ್ನೂ ಒರೆಗೆ ಹಚ್ಚಿದ ಪ್ರಸಂಗವು 1782ರ ಡಿಸೆಂಬರ್ ತಿಂಗಳಿನಲ್ಲಿ ಒದಗಿತು. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿದ್ದಾಗಲೇ ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಡಿಸೆಂಬರ್ 7ರಂದು ಹೈದರನು ಬೆನ್ನುಹುಣ್ಣಿನ ವ್ಯಾಧಿಯಿಂದ ಮೃತನಾದನು. ಮಗನಾದ ಟಿಪ್ಪು ಆಗ ದೂರದ ಮಲೆಯಾಳ ಸೀಮೆಯಲ್ಲಿ ದಂಡಿನೊಡನೆ ಇದ್ದನು. ಒಡೆಯನಿಲ್ಲದ ಸೈನ್ಯವು ಚದರಿಹೋಗುವ ಭೀತಿ ಒಂದು ಕಡೆ. ಟಿಪ್ಪುವಿನ ತಮ್ಮನನ್ನು ಗದ್ದುಗೆಗೇರಿಸಬೇಕೆಂಬ ಒಳಸಂಚು ಇನ್ನೊಂದು ಕಡೆ.

ಆಗ ಪೂರ್ಣಯ್ಯನವರೂ ಅವರ ಸಹೋದ್ಯೋಗಿಯಾದ ಕೃಷ್ಣರಾಯರೂ ಕೂಡಿ ಮರಣದ ವಾರ್ತೆಯನ್ನೇ ಮುಚ್ಚಿಟ್ಟರು. ಹೈದರನ ಶವವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಹಣವನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದಲ್ಲಿ ದಿನಚರಿಯೇನೂ ಬದಲಾಗಲಿಲ್ಲ. ಸಂಬಳ ಬಟವಾಡೆ ನಡೆಯಿತು, ಅಪ್ಪಣೆಗಳು ಹೊರಟವು. ಸಂಚುಗಾರರನ್ನು ಸದ್ದಿಲ್ಲದೆ ಹಿಡಿದು ಬೇಡಿ ಹಾಕಲಾಯಿತು. ಸುಮಾರು ಮೂರು ವಾರಗಳ ಕಾಲ ಒಂದು ದೊಡ್ಡ ಸೈನ್ಯವನ್ನು ಹೀಗೆ ಕಾಪಾಡಿ, ಟಿಪ್ಪು ಬಂದು ಸೇರಿದಾಗ ಅದನ್ನು ಆತನಿಗೆ ಒಪ್ಪಿಸಿದರು. ಕೋಲಾರದಲ್ಲಿ ತಾತ್ಕಾಲಿಕವಾಗಿ ಇರಿಸಿದ್ದ ಶವವನ್ನು ಮುಂದೆ ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಸಮಾಧಿ ಮಾಡಲಾಯಿತು.

ಟಿಪ್ಪುವಿನ ಆಳ್ವಿಕೆಯಲ್ಲಿ ಪೂರ್ಣಯ್ಯನವರು ಕಂದಾಯದ ಕೆಲಸದ ಜತೆಗೆ ರಣರಂಗದಲ್ಲಿಯೂ ದಂಡನ್ನು ನಡೆಸಿದರು. 1792ರ ಶ್ರೀರಂಗಪಟ್ಟಣದ ಕೌಲಿನಂತೆ ಸುಲ್ತಾನನು ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನು ತೆರಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಉಳಿದ ಅರ್ಧ ರಾಜ್ಯದ ಆದಾಯದಿಂದ ಇಷ್ಟು ಹಣವನ್ನು ಕೂಡಿಸಬೇಕಾಗಿ ಬಂದುದು ಎಂತಹ ಸಂಕಟವೆಂಬುದನ್ನು ಲೆಕ್ಕದ ಮನುಷ್ಯರಾದ ಪೂರ್ಣಯ್ಯನವರಿಗಿಂತ ಚೆನ್ನಾಗಿ ಬಲ್ಲವರು ಬೇರೊಬ್ಬರಿರಲಾರರು.

1799ರ ಗೆರೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ವಿಜಯಿ ಸೈನ್ಯದ ಮಹಾದಂಡನಾಯಕನಾಗಿದ್ದ ಜನರಲ್ ಹ್ಯಾರಿಸನು ಕೆಲವು ಕಾಲ ಬಿಡಾರ ಮಾಡಿದುದು ಕಾವೇರಿಯ ದಂಡೆಯ ಆ ಮನೆಯಲ್ಲಿ. ಮೊದಲನೆಯ ಹೆಸರು ಅದಕ್ಕೆ ಬಂದುದು ಹೀಗೆ. ಅದೇ ದ್ವೀಪದಲ್ಲಿ ನದೀತೀರದ ಇನ್ನೊಂದು ಸೌಧವಾದ ದರಿಯಾ ದೌಲತ್ತಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ವಾಸ ಮಾಡತೊಡಗಿದನು. ಮುಂದೆ ಯುರೋಪಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲ್ಲಿಂಗ್‌ಟನ್ ಎಂದು ಹೆಸರಾದವನು ಈತನೇ.

ಗೆದ್ದ ರಾಜ್ಯವನ್ನು ಹೇಗೆ ವಿಭಾಗಿಸಬೇಕೆಂಬುದನ್ನು ತೀರ್ಮಾನಿಸಲು ಗವರ್ನರ್ ಜನರಲನು ಒಂದು ಆಯೋಗವನ್ನು ನೇಮಿಸಿದನು. ಹ್ಯಾರಿಸನೂ, ಆರ್ಥರ್ ವೆಲ್ಲೆಸ್ಲಿಯೂ, ಬ್ಯಾರಿ ಕ್ಲೋಸನೂ ಅದರ ಸದಸ್ಯರಲ್ಲಿದ್ದರು. ಮಾಲ್ಕಂ ಮತ್ತು ಮನ್ರೋ ಎಂಬ ಇಬ್ಬರು ತರುಣ ಅಧಿಕಾರಿಗಳು ಅದರ ಕಾರ್ಯದರ್ಶಿಗಳು. ಜೂನ್ 22ರ ಒಡಂಬಡಿಕೆಯಂತೆ ಕನ್ನಡ ಜಿಲ್ಲೆ, ಕೊಯಮತ್ತೂರು ಮೊದಲಾದವು ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿದವು. ಗುತ್ತಿ, ಗುರ್ರಂಕೊಂಡ ಮುಂತಾದ ಈಶಾನ್ಯದ ಸೀಮೆಗಳು ಹೈದರಾಬಾದಿನ ನಿಜಾಮನಿಗೆ ಹೋದವು. ನಡುವಣ ಭಾಗ ಮೈಸೂರಿನ ಒಡೆಯರ ವಂಶಕ್ಕೆ ಉಳಿಯಿತು. ನಿಜಾಮನಾದರೂ ತನ್ನ ಪಾಲನ್ನು ಬಹುಕಾಲ ಅನುಭವಿಸಲಿಲ್ಲ. ತನ್ನಲ್ಲಿದ್ದ ಕಂಪೆನಿಯ ಸೈನ್ಯದ ವೆಚ್ಚಕ್ಕಾಗಿ 1792ರಲ್ಲಿಯೂ 1799ರಲ್ಲಿಯೂ ಪಡೆದ ಸೀಮೆಗಳನ್ನು 1800ರ ಅಕ್ಟೋಬರಿನಲ್ಲಿ ಕಂಪೆನಿಗೇ ಒಪ್ಪಿಸಿಬಿಟ್ಟನು. ದತ್ತ ಮಂಡಲವೆಂಬ ಹೆಸರು ಹುಟ್ಟಿದುದು ಆಗಲೇ. ಅದರ ಮೊದಲ ಮುಖ್ಯ ಕಲೆಕ್ಟರನಾಗಿ ಬಂದವನು ಆಯೋಗದ ಕಾರ್ಯದರ್ಶಿಯಾಗಿದ್ದ ಆ ಥಾಮಸ್ ಮನ್ರೋ. 1807ರವರೆಗೆ ಆತನು ಈ ಸೀಮೆಯಲ್ಲಿದ್ದು ರೈತವಾರಿ ಪದ್ಧತಿಯನ್ನು ಬೇರೂರಿಸಿದನು.

ನಮ್ಮ ಹಿರಿಯರ ಹೊಲ ಗದ್ದೆಗಳ ನಡುವೆ ಗೆರೆ ಬಿದ್ದುದು ಹೀಗೆ. ಪಾವಗಡ, ಮಧುಗಿರಿ, ಗೌರಿಬಿದನೂರುಗಳು ಗೆರೆಯ ಆ ಕಡೆ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳು ಈ ಕಡೆ. ಭೂಪಟವನ್ನು ಬಿಡಿಸಿ ನೋಡಿದರೆ ಮಡಕಶಿರಾ ಸೀಮೆ ಮೈಸೂರಿನೊಳಕ್ಕೆ ಚಾಚಿಕೊಂಡಿರುವುದೂ, ಪಾವಗಡವು ಬಹುಮಟ್ಟಿಗೆ ಅನಂತಪುರದ ನೆಲದಿಂದ ಸುತ್ತುವರಿದಿರುವುದೂ ಕಾಣುತ್ತದೆ. ಕೌಲು ಬರೆದವರು ಮುಂದಿಟ್ಟುಕೊಂಡುದು ತಾಲ್ಲೂಕುಗಳ ಆದಾಯದ ಪಟ್ಟಿಯನ್ನು; ಪಾಲುಗಳನ್ನು ಸರಿತೂಗಿಸಿದುದು ವರಹಗಳ ಲೆಕ್ಕದಲ್ಲಿ. ಯಾವ ಹಳ್ಳಿಯ ಮನೆಗಳಲ್ಲಿ ಯಾವ ಮಾತನ್ನು ಆಡುತ್ತಾರೆ, ಯಾರ ಮನೆಯ ಹೆಣ್ಣು ಯಾವ ಊರಿಗೆ ಸೊಸೆಯಾಗಿ ಹೋಗಿದ್ದಾಳೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ.

ಈ ಗೆರೆ ಪೂರ್ಣಯ್ಯನವರನ್ನೂ ಬಿಡಲಿಲ್ಲ. ಅವರು ಹುಟ್ಟಿದ ಕೊಯಮತ್ತೂರು ಸೀಮೆ ಅಂದಿನಿಂದ ಪರರ ನೆಲವಾಯಿತು. ಅಷ್ಟೇ ಅಲ್ಲ, ಶ್ರೀರಂಗಪಟ್ಟಣದ ದ್ವೀಪವನ್ನು ಕಂಪೆನಿಯು ತನ್ನ ಪೂರ್ಣ ಒಡೆತನಕ್ಕೆ ತೆಗೆದುಕೊಂಡಿತು. ಸುಲ್ತಾನರ ರಾಜಧಾನಿಯಾಗಿದ್ದ, ಅದಕ್ಕೆ ಮುನ್ನ ಒಡೆಯರ ರಾಜಧಾನಿಯಾಗಿದ್ದ ಊರು, ಸುತ್ತಲೂ ಮೈಸೂರಿನ ಸೀಮೆಯಿದ್ದರೂ ತಾನು ಮೈಸೂರಿಗೆ ಸೇರದೆ ಹೋಯಿತು.

ದಿವಾನಗಿರಿ

ಕೋಟೆ ಬಿದ್ದ ಮೇಲೆ ಪೂರ್ಣಯ್ಯನವರು ತಮ್ಮ ಕೈಕೆಳಗಿನ ದಂಡಿನೊಡನೆ ಶರಣಾದರು. ರಾಜ್ಯದ ಮುಂದಿನ ವ್ಯವಸ್ಥೆಯ ಬಗೆಗೆ ಅಭಿಪ್ರಾಯವನ್ನು ಕೇಳಿದಾಗ, ಟಿಪ್ಪುವಿನ ಹಿರಿಯ ಮಗನಿಗೇ ಪಟ್ಟ ಕಟ್ಟುವುದು ಮೇಲೆಂದು ಅವರು ಸಲಹೆಯಿತ್ತರು. ಅನ್ನ ಹಾಕಿದ ಮನೆತನವನ್ನು ಸೋಲಿನ ಮರುದಿನವೇ ಮರೆತವರು ಅವರಲ್ಲವೆಂಬುದಕ್ಕೆ ಇದೊಂದೇ ಸಂಗತಿ ಸಾಕು. ಕಂಪೆನಿಯವರು ಆ ಸಲಹೆಯನ್ನು ಒಪ್ಪಲಿಲ್ಲ. ಟಿಪ್ಪುವಿನ ಮಕ್ಕಳನ್ನು ವೇಲೂರಿಗೆ ಕಳುಹಿಸಿ, 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕ ಮಾಡಿದರು. ಅರಮನೆ ಹಾಳಾಗಿದ್ದುದರಿಂದ ಚಪ್ಪರದಡಿಯಲ್ಲಿಯೇ ಆ ಮಹೋತ್ಸವ ನಡೆಯಿತು. ಪೂರ್ಣಯ್ಯನವರು ದಿವಾನರಾದರು. ವೃದ್ಧ ರಾಣಿ ಲಕ್ಷ್ಮಮ್ಮಣ್ಣಿಯವರ ಹಿರಿತನ, ರೆಸಿಡೆಂಟನ ಮೇಲ್ವಿಚಾರಣೆ, ಬಾಲರಾಜನ ಹೆಸರು ಇವುಗಳ ನಡುವೆ ರಾಜ್ಯವನ್ನು ನಡೆಸುವ ಹೊಣೆ ಅವರದಾಯಿತು.

ಹೊಣೆ ಹಗುರವಾದುದಲ್ಲ. ಮೈಸೂರಿಗೆ ಗೊತ್ತುಮಾಡಿದ ಸೀಮೆಯ ಉತ್ಪನ್ನ 13 ಲಕ್ಷಕ್ಕೆ ಮಿಕ್ಕ ಕಂಠೀರಾಯಿ ವರಹಗಳೆಂದು ಅಂದಾಜಾಗಿತ್ತು. ಅದರಲ್ಲಿ ಕಂಪೆನಿಯ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ತಪ್ಪದೆ ಕಟ್ಟಬೇಕಾಗಿತ್ತು. ಮೂವತ್ತು ವರ್ಷಗಳ ಯುದ್ಧದಿಂದ ಹಳ್ಳಿಗಳು ಬರಿದಾಗಿದ್ದವು; ಕೆರೆಗಳ ಏರಿ ಒಡೆದಿದ್ದವು; ಕೆಲಸ ಕಳೆದುಕೊಂಡ ಸಿಪಾಯಿಗಳು ದಾರಿಗಳಲ್ಲಿ ಅಲೆಯುತ್ತಿದ್ದರು. ಸೆರೆಯಿಂದ ಬಿಡುಗಡೆ ಹೊಂದಿದ ಧೋಂಡಿಯಾ ವಾಘನು ಶಿವಮೊಗ್ಗೆಯ ಕಡೆ ದಂಡು ಕಟ್ಟಿ ದಂಗೆಯೆದ್ದನು. ಅವನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯ ಸೈನ್ಯಕ್ಕೆ ದವಸಧಾನ್ಯ, ಎತ್ತು, ಹಣಗಳನ್ನು ಒದಗಿಸಿದವರು ಪೂರ್ಣಯ್ಯನವರು. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯನು ಹತನಾದ ಮೇಲೆ ನಾಡಿಗೆ ನೆಮ್ಮದಿ ಬಂದಿತು.

ಪೂರ್ಣಯ್ಯನವರು ಹಳೆಯ ಆಡಳಿತದ ಅನುಭವವನ್ನು ಚೆಲ್ಲದೆ ಹೊಸದನ್ನು ಕಟ್ಟಿದರು. ಹೈದರ್ ಟಿಪ್ಪುಗಳ ಕಾಲದಲ್ಲಿ ಪಳಗಿದ ಅಮಲ್ದಾರರನ್ನೂ ಶಾನುಭೋಗರನ್ನೂ ಮತಭೇದವೆಣಿಸದೆ ಉಳಿಸಿಕೊಂಡರು. ಕೆಲಸವಿಲ್ಲದ ಕಾಲಾಳುಗಳನ್ನು ಕಂದಾಚಾರದ ಪಡೆಯಲ್ಲಿ ಸೇರಿಸಿ, ಊರೂರಿನ ಕಾವಲಿಗೂ ಕಂದಾಯದ ಕೆಲಸಕ್ಕೂ ಬಳಸಿದರು. ಕುದುರೆಯಾಳುಗಳಿಗೆ ಶಿಲೇದಾರ ದಂಡಿನಲ್ಲಿ ಜೀವನೋಪಾಯವನ್ನು ಕಲ್ಪಿಸಿದರು. 1807ರ ಒಡಂಬಡಿಕೆಯಲ್ಲಿ ಈ ದಂಡಿನ ಸಂಖ್ಯೆ 4,000 ಎಂದು ಗೊತ್ತಾಯಿತು. ದೇವಸ್ಥಾನಗಳಿಗೂ ಮಠಗಳಿಗೂ ನಿಂತುಹೋಗಿದ್ದ ತಸ್ತೀಕನ್ನು ಮತ್ತೆ ನಡೆಯುವಂತೆ ಮಾಡಿದರು.

ಎಲ್ಲಕ್ಕಿಂತ ಮಿಗಿಲಾಗಿ ಅವರು ಕೆರೆಕಟ್ಟೆಗಳ ಮರಾಮತ್ತಿಗೆ ಕೈಹಾಕಿದರು. ಕೆರೆಯ ಏರಿ ಒಡೆದರೆ ಮೊದಲು ಬತ್ತುವುದು ಗದ್ದೆ, ಆಮೇಲೆ ಕಂದಾಯ, ಕೊನೆಗೆ ಊರು. ಮಳೆ ಕಡಮೆಯಾದ ನಮ್ಮ ಸೀಮೆಯ ರೈತನಿಗೆ ಈ ಕ್ರಮ ಬಾಯಿಪಾಠವಾಗಿ ಗೊತ್ತು. ಅಂಗಡಿಯ ಲೆಕ್ಕದಿಂದ ಬದುಕನ್ನು ಆರಂಭಿಸಿದ ದಿವಾನರಿಗೂ ಅದು ಗೊತ್ತಿತ್ತು. ಕಾವೇರಿಯ ನೀರನ್ನು ಕಾಲುವೆಯ ಮೂಲಕ ಮೈಸೂರು ಪಟ್ಟಣಕ್ಕೇ ತರಬೇಕೆಂದು ಅವರು ಒಂದು ದೊಡ್ಡ ಪ್ರಯತ್ನವನ್ನು ಮಾಡಿದರು. ಅದು ಫಲಿಸಲಿಲ್ಲ, ಅಗೆದ ಕಾಲುವೆ ಪೂರ್ಣಯ್ಯನ ನಾಲೆಯೆಂಬ ಹೆಸರನ್ನು ಮಾತ್ರ ಉಳಿಸಿಕೊಂಡಿತು.

ಫಲಿಸಿದ ಕೆಲಸವೆಂದರೆ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಕಟ್ಟಿಸಿದ ಸೇತುವೆ. 1802ರಲ್ಲಿ ಆರಂಭವಾಗಿ 1804ರಲ್ಲಿ ಮುಗಿದ ಈ ಸೇತುವೆಗೆ ಗವರ್ನರ್ ಜನರಲನ ಹೆಸರಿನಿಂದ ವೆಲ್ಲೆಸ್ಲಿ ಸೇತುವೆಯೆಂಬ ನಾಮಕರಣವಾಯಿತು. ಹೊಳೆಯ ಬಂಡೆಯಲ್ಲಿ ನಾಟಿದ ಕಲ್ಲುಕಂಬಗಳು, ಅವುಗಳ ಮೇಲೆ ಬೋದಿಗೆ, ತೊಲೆ, ಚಪ್ಪಡಿ ಹೀಗೆ ನಮ್ಮ ದೇವಾಲಯಗಳ ಮುಖಮಂಟಪವನ್ನು ಕಟ್ಟುವ ಕ್ರಮದಲ್ಲಿಯೇ ಈ ನಾಡಿನ ಕಲ್ಲುಕುಟಿಗರು ಅದನ್ನು ಕಟ್ಟಿದರು. ಕಮಾನಿನ ಆಧಾರ ಅದಕ್ಕಿಲ್ಲ. ಲೇಪಾಕ್ಷಿಯ ಕಂಬಗಳನ್ನು ಕಂಡು ಬೆಳೆದ ನಮ್ಮವರಿಗೆ ಅದರ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಕಾವೇರಿಯ ಅನೇಕ ಮಹಾಪೂರಗಳನ್ನು ಅದು ಎದುರಿಸಿ ನಿಂತಿತು. ಹೆಸರು ವೆಲ್ಲೆಸ್ಲಿಯದು, ಹಣವೂ ಶ್ರಮವೂ ಮೈಸೂರಿನದು.

ಇಲ್ಲಿ ಒಂದು ತುಲನೆ ಸಹಜವಾಗಿಯೇ ಮನಸ್ಸಿಗೆ ಬರುತ್ತದೆ. ಅದೇ ಏಳು ವರ್ಷಗಳಲ್ಲಿ ಗೆರೆಯ ಈ ಕಡೆ ಮನ್ರೋ ಹಳ್ಳಿ ಹಳ್ಳಿ ತಿರುಗಿ ಹೊಲಗಳನ್ನು ಅಳೆಯಿಸುತ್ತಿದ್ದನು, ಪಾಳೆಯಗಾರರನ್ನು ಅಡಗಿಸುತ್ತಿದ್ದನು. ಆ ಕಡೆ ಪೂರ್ಣಯ್ಯನವರು ಕೆರೆಗಳನ್ನು ಕಟ್ಟಿಸುತ್ತಿದ್ದರು. ಇಬ್ಬರೂ ಸಮರ್ಥರೇ. ಆದರೆ ಮನ್ರೋವಿನ ವರದಿ ಹೋಗುತ್ತಿದ್ದುದು ಮದರಾಸಿಗೆ. ಪೂರ್ಣಯ್ಯನವರ ವಸೂಲಿ ಸೇರುತ್ತಿದ್ದುದು ಮೈಸೂರಿನ ಬೊಕ್ಕಸಕ್ಕೆ. ಒಂದೇ ಸೀಮೆಯಾಗಿದ್ದ ಜನರು ಎರಡು ಕಚೇರಿಗಳ ಮುಂದೆ ನಿಂತು ಎರಡು ಬಗೆಯ ರೂಢಿಗಳಿಗೆ ಒಗ್ಗಿದರು. ಹಿರಿಯರಿಗೆ ಅಂದು ಹತ್ತಿದ ಆ ಎರಡು ರೂಢಿಗಳ ತೊಡಕು ಇಂದಿಗೂ ನಮ್ಮ ಮಕ್ಕಳ ಪಠ್ಯಪುಸ್ತಕ, ನೇಮಕಾತಿ, ಅರ್ಜಿ ನಮೂನೆಗಳವರೆಗೆ ಹರಿದುಬಂದಿದೆ.

ಟೀಕೆಗಳು ಮತ್ತು ನಿವೃತ್ತಿ

ಮಹಾಪುರುಷರ ಚರಿತ್ರೆಯನ್ನು ಹೇಳುವಾಗ ಗುಣಗಳನ್ನಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ಪೂರ್ಣಯ್ಯನವರ ಮೇಲೆ ಟೀಕೆಗಳೂ ಉಂಟು. ಹೈದರ್, ಟಿಪ್ಪು, ಒಡೆಯರು ಹೀಗೆ ಮೂರು ಆಳ್ವಿಕೆಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಯಾರಿಗೆ ನಿಷ್ಠರಾಗಿದ್ದರೆಂದು ಕೇಳುವವರಿದ್ದಾರೆ. ಹೈದರನ ಮರಣಕಾಲದ ನಡತೆಯನ್ನೂ, ಟಿಪ್ಪುವಿನ ಮಗನಿಗಾಗಿ ಆಡಿದ ಮಾತನ್ನೂ ಕಂಡವರು ಆ ಪ್ರಶ್ನೆಗೆ ತಾವೇ ಉತ್ತರವನ್ನು ಹುಡುಕಿಕೊಳ್ಳಬಹುದು.

ಎರಡನೆಯ ಟೀಕೆ ಹೆಚ್ಚು ಗಟ್ಟಿಯಾದುದು. ಅವರು ದಿವಾನಗಿರಿಯನ್ನು ಬಿಡುವ ವೇಳೆಗೆ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕ ಹಣ ಕೂಡಿತ್ತು. ಇಷ್ಟು ಹಣ ಕೂಡಿದುದು ರೈತನ ಕೈಯಿಂದಲೇ ಅಲ್ಲವೆ, ಅದರಲ್ಲಿ ಇನ್ನೂ ಒಂದಷ್ಟು ಅವನಿಗೆ ಉಳಿಯಬಹುದಾಗಿತ್ತಲ್ಲವೆ ಎಂಬುದು ಆಕ್ಷೇಪಣೆ. ಇದು ತಳ್ಳಿಹಾಕುವ ಮಾತಲ್ಲ. ಕಂಪೆನಿಯ ಹಣ ಒಂದು ವರ್ಷ ತಪ್ಪಿದರೂ ರಾಜ್ಯವೇ ಕೈಬಿಡಬಹುದೆಂಬ ಹೆದರಿಕೆ ಅವರನ್ನು ಅತಿಯಾದ ಉಳಿತಾಯಕ್ಕೆ ದೂಡಿರಬೇಕು. ಮುಂದೆ ಆ ಹಣ ಕರಗಿ, ಸಾಲ ಬೆಳೆದು, ನಗರದ ರೈತರು ದಂಗೆಯೆದ್ದು, 1831ರಲ್ಲಿ ಕಂಪೆನಿಯೇ ರಾಜ್ಯದ ಆಡಳಿತವನ್ನು ವಹಿಸಿಕೊಂಡುದನ್ನು ನೋಡಿದರೆ ಆ ಹೆದರಿಕೆ ಬರಿಯ ಭ್ರಮೆಯಾಗಿರಲಿಲ್ಲವೆಂದು ತೋರುತ್ತದೆ.

ಮೂರನೆಯದು ಮನುಷ್ಯಸಹಜವಾದ ದೌರ್ಬಲ್ಯ. ಬಾಲರಾಜನು ಬೆಳೆದು ಪ್ರಾಪ್ತವಯಸ್ಕನಾದಾಗ, ಅಷ್ಟು ಕಾಲ ನಡೆಸಿದ ಅಧಿಕಾರವನ್ನು ಬಿಟ್ಟುಕೊಡಲು ಪೂರ್ಣಯ್ಯನವರಿಗೆ ಮನಸ್ಸು ಬರಲಿಲ್ಲ. ತಾವು ಎತ್ತಿ ಬೆಳೆಸಿದ ಅರಸನನ್ನು ಇನ್ನೂ ಮಗುವೆಂದೇ ಅವರು ಭಾವಿಸಿದ್ದಿರಬಹುದು. ಅರಸನಿಗೂ ದಿವಾನರಿಗೂ ಮನಸ್ತಾಪ ಬೆಳೆಯಿತು. ಕೊನೆಗೆ 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿ ನಿವೃತ್ತರಾದರು.

ಹೊಳೆಯ ದಂಡೆಯ ಕಡೆಯ ದಿನಗಳು

ನಿವೃತ್ತರಾದ ದಿವಾನರು ಹೋಗಿ ನೆಲೆಸಿದುದು ಮೈಸೂರಿನಲ್ಲಲ್ಲ. ಶ್ರೀರಂಗಪಟ್ಟಣದ ಕಾವೇರಿಯ ದಂಡೆಯ ಆ ಮನೆಯಲ್ಲಿ. ಹ್ಯಾರಿಸನು ಹೊರಟುಹೋದ ಮೇಲೆ ಅದು ಕೋಟೆಯ ಸೇನಾಧಿಕಾರಿಗಳ ಠಾಣ್ಯವಾಗಿತ್ತು. ದ್ವೀಪದಲ್ಲಿ ವಿಷಮಜ್ವರದ ಬಾಧೆ ವಿಪರೀತವಾಗಿದ್ದುದರಿಂದ ಕಂಪೆನಿಯವರು ತಮ್ಮ ದಂಡನ್ನು ಬೆಂಗಳೂರಿನ ಹೊಸ ದಂಡುಪ್ರದೇಶಕ್ಕೆ ಸಾಗಿಸತೊಡಗಿದ್ದರು. ಸುಲ್ತಾನರ ಕಾಲದಲ್ಲಿ ಜನರಿಂದ ಕಿಕ್ಕಿರಿದಿದ್ದ ಪಟ್ಟಣವು ಬರಿದಾಗುತ್ತಿತ್ತು. ಅಂತಹ ಊರಿಗೆ ಈ ವೃದ್ಧರು ಹಿಂದಿರುಗಿದರು.

ಅವರು ಹೈದರನ ದರ್ಬಾರನ್ನು ಕಂಡುದು ಆ ದ್ವೀಪದಲ್ಲಿ. ಟಿಪ್ಪುವಿನ ಏಳುಬೀಳುಗಳನ್ನು ಕಂಡುದು ಅಲ್ಲಿ. ತಾವು ಕಟ್ಟಿಸಿದ ಸೇತುವೆ ಇದ್ದುದೂ ಅಲ್ಲಿ. ಆದರೆ ಕಾನೂನಿನ ಲೆಕ್ಕದಲ್ಲಿ ಆ ನೆಲ ಮೈಸೂರಿನದಲ್ಲ, ಕಂಪೆನಿಯದು. ಹುಟ್ಟಿದ ಸೀಮೆ ಗಡಿಯಾಚೆ ಉಳಿಯಿತು. ಕಣ್ಣುಮುಚ್ಚಿದ ಮನೆಯೂ ಗಡಿಯಾಚೆಯದೇ ಆಯಿತು. ಹನ್ನೆರಡು ವರ್ಷಗಳ ಕಾಲ ಮೈಸೂರನ್ನು ಹೊತ್ತು ನಡೆದವರ ಪಾಲಿಗೆ ಬಂದುದು ಇದು. ನಿವೃತ್ತಿಯ ಕೆಲವೇ ತಿಂಗಳುಗಳ ಅನಂತರ, 1812ರ ಮಾರ್ಚ್ ತಿಂಗಳ ಕೊನೆಯಲ್ಲಿ, ಆ ಮನೆಯಲ್ಲಿ ಅವರು ದೇಹವನ್ನು ಬಿಟ್ಟರು. ಅವರು ಅಲ್ಲಿ ವಾಸವಾಗಿದ್ದುದನ್ನು ತಿಳಿಸುವ ಫಲಕವೊಂದನ್ನು ಮುಂದೆ ಆ ಮನೆಯ ಬಾಗಿಲ ಬಳಿ ಇರಿಸಲಾಯಿತು.

ದ್ವೀಪವು ಮೈಸೂರಿಗೆ ಮರಳಿ ಪೂರ್ಣವಾಗಿ ಸೇರಿದುದು 1881ರಲ್ಲಿ; ಅದೂ ಬೆಂಗಳೂರಿನ ದಂಡುಪ್ರದೇಶವನ್ನು ಇಂಗ್ಲಿಷರಿಗೆ ವಹಿಸಿಕೊಟ್ಟುದಕ್ಕೆ ಪ್ರತಿಯಾಗಿ. ಗೆರೆಯನ್ನು ಎಳೆಯುವುದು ಒಂದು ತಿಂಗಳ ಕೆಲಸ. ಅದನ್ನು ಅಳಿಸಲು ಎಂಬತ್ತೆರಡು ವರ್ಷಗಳು ಹಿಡಿದವು.

ವಂಶವೂ ಎರಡು ಹೊಳೆಗಳೂ

ಪೂರ್ಣಯ್ಯನವರ ಸೇವೆಗಾಗಿ 1807ರಲ್ಲಿಯೇ ಅವರಿಗೆ ಯಳಂದೂರು ಸೀಮೆಯನ್ನು ವಂಶಪಾರಂಪರ್ಯದ ಜಹಗೀರಾಗಿ ಕೊಡಲಾಗಿತ್ತು. ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ, ಹೊನ್ನುಹೊಳೆಯೆಂದೂ ಸುವರ್ಣಾವತಿಯೆಂದೂ ಕರೆಯಿಸಿಕೊಳ್ಳುವ ನದಿಯ ದಡದಲ್ಲಿರುವ ಊರು ಅದು. ಈಗ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಜಹಗೀರುದಾರರ ಬಂಗಲೆ ಅಲ್ಲಿ ವಂಶದ ಮನೆಯಾಗಿ ಬೆಳೆಯಿತು. ಸ್ವಾತಂತ್ರ್ಯಾನಂತರ ಜಹಗೀರು ಪದ್ಧತಿ ರದ್ದಾದರೂ ಆ ಮನೆತನದ ಹೆಸರು ಅಳಿಯಲಿಲ್ಲ.

ಆ ವಂಶದ ಕುಡಿಯಾದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ಅವರ ಕಾಲದಲ್ಲಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡವಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕೆಲಸವು ಬಹುಭಾಗ ನಡೆದುದೂ ಅವರ ಅಧಿಕಾರಾವಧಿಯಲ್ಲಿಯೇ. ಆ ವೇದಾವತಿಯೇ ಕೆಳಗಿಳಿದು ಕಲ್ಯಾಣದುರ್ಗದ ಸೀಮೆಯ ಕಡೆಗೆ ಹರಿಯುತ್ತದೆ. ನಮ್ಮ ಭೈರವಾನಿತಿಪ್ಪೆಯ ಅಣೆಕಟ್ಟು ಕಟ್ಟಿರುವುದು ಆ ಹೊಳೆಗೇ. ಹಾಗೆಯೇ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಪೆನ್ನೆ ಗೌರಿಬಿದನೂರನ್ನು ದಾಟಿ ಹಿಂದೂಪುರದ ಸೀಮೆಗೆ ಬರುತ್ತದೆ. ದೇವರಾಯನದುರ್ಗದ ಕಡೆಯಿಂದ ಬರುವ ಜಯಮಂಗಲಿ ಪರಿಗಿಯ ಬಳಿ ಅದನ್ನು ಕೂಡುತ್ತದೆ.

ಮೇಲಿನವರು ಕೆರೆ ಕಟ್ಟಿದರೆ ಕೆಳಗಿನವರ ಕೆರೆ ತುಂಬದು. ಪೂರ್ಣಯ್ಯನವರ ಕಾಲದಲ್ಲಿ ಪುಣ್ಯಕಾರ್ಯವೆನಿಸಿದ ಕೆರೆಯ ಮರಾಮತ್ತು ಮುಂದೆ ಎರಡು ಸರ್ಕಾರಗಳ ನಡುವಣ ವ್ಯಾಜ್ಯಕ್ಕೆ ಕಾರಣವಾದುದು ಇದರಿಂದಲೇ. 1892ರಲ್ಲಿ ಮೈಸೂರಿಗೂ ಮದರಾಸಿಗೂ ನಡೆದ ನೀರಿನ ಒಪ್ಪಂದದಲ್ಲಿ ಪೆನ್ನೆ, ವೇದಾವತಿ, ಚಿತ್ರಾವತಿಗಳ ಹೆಸರುಗಳೂ ಸೇರಿವೆ. 1799ರ ಗೆರೆಯು ನೆಲವನ್ನಷ್ಟೇ ಅಲ್ಲದೆ ನೀರನ್ನೂ ಹಂಚಿತು.

ಉಪಸಂಹಾರ

ಆ ಮೇಲೆ ಎಷ್ಟೋ ಬದಲಾವಣೆಗಳಾದವು. ಬಳ್ಳಾರಿಗೆ ಸೇರಿದ್ದ ಈ ಸೀಮೆಯ ಭಾಗಗಳು 1882ರಲ್ಲಿ ಅನಂತಪುರ ಜಿಲ್ಲೆಯಾದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ರಾಯದುರ್ಗ ಅನಂತಪುರಕ್ಕೆ ಬಂದಿತು. 1956ರಲ್ಲಿ ಕನ್ನಡನಾಡು ಒಂದಾದಾಗಲೂ ನಾವು ಗೆರೆಯ ಈಚೆಯೇ ಉಳಿದೆವು. 2022ರಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಇದೆ. ಗೆರೆಗಳನ್ನು ಎಳೆಯುವವರು ಬಂದರು, ಹೋದರು. ನಮ್ಮ ಮನೆಗಳಲ್ಲಿ ಮಗುವಿಗೆ ತಾಯಿ ಆಡುವ ಮಾತು ಮಾತ್ರ ಬದಲಾಗಲಿಲ್ಲ.

ಅದು ತಾನಾಗಿಯೇ ಉಳಿಯುವುದೆಂದು ಭಾವಿಸುವುದು ಮಾತ್ರ ತಪ್ಪು. ಕೆರೆಯ ಏರಿಯಂತೆ ಅದಕ್ಕೂ ವರ್ಷವರ್ಷದ ಮರಾಮತ್ತು ಬೇಕು. ಕನ್ನಡ ಶಾಲೆಯಲ್ಲಿ ಒಂದು ತರಗತಿಗೆ ಮಕ್ಕಳು ಸಾಲದೆ ಹೋದರೆ ಮರುವರ್ಷ ಆ ತರಗತಿಯೇ ಇರಲಾರದು. ನೆರೆಯ ತೆಲುಗನ್ನು ಪ್ರೀತಿಯಿಂದ ಕಲಿಯುವುದು ನಮಗೆ ಕಷ್ಟವಲ್ಲ, ಕೊರತೆಯೂ ಅಲ್ಲ. ಪಾರಸಿಯನ್ನು ಕಲಿತ ಪೂರ್ಣಯ್ಯನವರು ಅದರಿಂದ ದೊಡ್ಡವರಾದರೇ ಹೊರತು ಚಿಕ್ಕವರಾಗಲಿಲ್ಲ. ಆದರೆ ತನ್ನ ಮನೆಯ ಲೆಕ್ಕವನ್ನು ತಾನೇ ಇಟ್ಟುಕೊಳ್ಳಬೇಕೆಂಬ ಅವರ ಪಾಠವನ್ನು ನಾವು ಮರೆಯಬಾರದು. ಕೈಗೆ ಬಂದುದು ಅರ್ಧ ರಾಜ್ಯವೇ ಆಗಲಿ, ಒಡೆದ ಕೆರೆಯೇ ಆಗಲಿ, ಅಳುತ್ತ ಕುಳಿತುಕೊಳ್ಳದೆ ಅದನ್ನು ನೇರ್ಪುಗೊಳಿಸುವುದೇ ಅವರ ಮಾರ್ಗವಾಗಿತ್ತು.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ನಮ್ಮ ಬಂಧುಗಳು ಮಕ್ಕಳನ್ನು ಕರೆದುಕೊಂಡು ಕಾವೇರಿಯ ಆ ಸೇತುವೆಯ ಬಳಿ ಸ್ವಲ್ಪ ಹೊತ್ತು ನಿಲ್ಲಲಿ. ಹೊಳೆಯ ದಂಡೆಯ ಆ ಮನೆಯನ್ನೂ ವಿಚಾರಿಸಿ ನೋಡಲಿ. ನಮ್ಮನ್ನು ಗಡಿನಾಡಿನವರನ್ನಾಗಿ ಮಾಡಿದವರಲ್ಲಿ ಒಬ್ಬನು ತಂಗಿದ್ದುದೂ, ತಾವೂ ಗಡಿಯಾಚೆಯವರಾಗಿಯೇ ತೀರಿಕೊಂಡ ಒಬ್ಬ ಕರ್ಮಯೋಗಿ ಕಣ್ಣುಮುಚ್ಚಿದುದೂ ಆ ಒಂದೇ ಸೂರಿನ ಕೆಳಗೆ ಎಂಬುದನ್ನು ಮಕ್ಕಳಿಗೆ ಹೇಳಲಿ. ಪೂರ್ಣಯ್ಯನವರ ಸ್ಮರಣೆ ನಮ್ಮ ತರುಣರಲ್ಲಿ ದುಡಿಮೆಯ ಉತ್ಸಾಹವನ್ನೂ ನಾಡುನುಡಿಗಳ ಅಭಿಮಾನವನ್ನೂ ಬೆಳೆಸಲೆಂದು ಹಾರೈಸುತ್ತೇನೆ.